ಶಿಬಿರದ ದುಡಿಮೆ, ಪರದೇಶದ ಸೇವೆ

ಪರದೇಶಕ್ಕೆ ಸೇವೆಗೆಂದು ಹೊರಡುವವನು ಮೊದಲು ಕಲಿತಿರಬೇಕಾದುದು ಏನು? ಗ್ರಂಥಜ್ಞಾನವೇ, ವಾಕ್ಚಾತುರ್ಯವೇ, ಇಲ್ಲವೇ ಪರರೊಡನೆ ಒಂದೇ ಸೂರಿನಡಿ ಬಾಳುವ ಬಗೆಯೇ? ಅಮೆರಿಕದ ಕ್ರೈಸ್ತ ಸಮಾಜವು ಈ ಪ್ರಶ್ನೆಗೆ ಕಂಡುಕೊಂಡಿರುವ ಒಂದು ಉತ್ತರವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಅಲ್ಲಿಯ ಅನೇಕ ತರುಣ ತರುಣಿಯರು ಕಾಲೇಜಿನ ರಜೆಯಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ದುಡಿಯುತ್ತಾರೆ. ಅನಂತರ ಚರ್ಚುಗಳ ಮೂಲಕ ಹೊರದೇಶಗಳಿಗೆ ಮಿಷನ್ ಯಾತ್ರೆ ಕೈಗೊಳ್ಳುತ್ತಾರೆ. ಮೊದಲನೆಯದು ಎರಡನೆಯದಕ್ಕೆ ಪಾಠಶಾಲೆಯಾಗುತ್ತದೆ.

ಈ ನಂಟು ಹಳೆಯದು. 1861ರಲ್ಲಿ ಕನೆಕ್ಟಿಕಟ್ ರಾಜ್ಯದ ಉಪಾಧ್ಯಾಯ ಫ್ರೆಡರಿಕ್ ಗನ್ ತನ್ನ ವಿದ್ಯಾರ್ಥಿಗಳನ್ನು ಕಡಲ ದಂಡೆಗೆ ಕರೆದೊಯ್ದು ಡೇರೆ ಹಾಕಿಸಿದುದೇ ಅಲ್ಲಿಯ ಶಿಬಿರಗಳಿಗೆ ಮೊದಲೆಂದು ಹೇಳುವುದುಂಟು. 1885ರಲ್ಲಿ ವೈ.ಎಂ.ಸಿ.ಎ. ಬಳಗದ ಸಮ್ನರ್ ಡಡ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಬಾಲಕರ ಶಿಬಿರ ಇಂದಿಗೂ ನಡೆದುಬಂದಿದೆ. ಮರುವರ್ಷ, 1886ರ ಬೇಸಿಗೆಯಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹರ್ಮನ್‌ನಲ್ಲಿ ಸುಮಾರು 250 ಕಾಲೇಜು ವಿದ್ಯಾರ್ಥಿಗಳು ಕೆಲವು ವಾರ ಕೂಡಿ ಬಾಳಿದರು. ಬೀಳ್ಕೊಳ್ಳುವ ಹೊತ್ತಿಗೆ ಅವರಲ್ಲಿ 100 ಮಂದಿ ಪರದೇಶಗಳ ಸೇವೆಗೆ ಹೆಸರು ಕೊಟ್ಟಿದ್ದರು.

ಶಿಬಿರದಲ್ಲಿ ದುಡಿಯುವ ತರುಣನ ದಿನಚರಿಯನ್ನು ನೋಡಿರಿ. ಒಂದು ಕುಟೀರದ ಮಕ್ಕಳ ಹೊಣೆ ಅವನದು. ಬೆಳಗಿನ ಗಂಟೆಯಿಂದ ರಾತ್ರಿ ದೀಪವಾರುವವರೆಗೆ ತನ್ನದೆಂಬ ಹೊತ್ತು ಅಪರೂಪ. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು, ಊಟದ ಮೇಜು ಒರೆಸುವುದು ಎಲ್ಲವೂ ಅವನ ಕೆಲಸವೇ. ಮೊದಲ ರಾತ್ರಿ ತಾಯಿಯನ್ನು ನೆನೆದು ಅಳುವ ಮಗುವಿಗೆ ಉಪದೇಶ ನಾಟದು; ಬಳಿಯಲ್ಲಿ ಕುಳಿತು ಅದರ ಮಾತು ಕೇಳಬೇಕು. ಆಟಕ್ಕೆ ಸಿದ್ಧವಾದ ದಿನವೇ ಮಳೆ ಬಂದರೆ ಆ ಕ್ಷಣದಲ್ಲಿ ಬೇರೊಂದನ್ನು ಯೋಚಿಸಬೇಕು. ಕೆರೆಯಲ್ಲಿ ಈಜುವಾಗ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡುತ್ತಾರೆ. ಸೀಟಿ ಊದಿದೊಡನೆ ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು, ಎಣಿಕೆ ಸರಿಹೊಂದಬೇಕು. ಮನಸ್ಸಿಗೆ ಒಗ್ಗದ ಜೊತೆಗಾರನೊಡನೆಯೂ ವಾರಗಟ್ಟಲೆ ಹೊಂದಿ ನಡೆಯಬೇಕು.

ಪರದೇಶದಲ್ಲಿ ಎದುರಾಗುವ ಪರೀಕ್ಷೆಗಳೂ ಬಹುಮಟ್ಟಿಗೆ ಇವೇ. ಬಸ್ಸು ಹೊತ್ತಿಗೆ ಬಾರದು, ದೀಪ ಆರಿಹೋಗುತ್ತದೆ, ಊಟ ಹಿಡಿಸದು, ಸಂಗಡಿಗನೊಬ್ಬ ಜ್ವರದಿಂದ ಮಲಗುತ್ತಾನೆ. ಮನೆಯ ನೆನಪಿನಿಂದ ಕಣ್ಣು ತುಂಬಿಕೊಳ್ಳುವ ಸರದಿ ಈಗ ಅವನದೇ. ಶಿಬಿರದಲ್ಲಿ ಪಳಗಿದವನು ಇಂಥ ವೇಳೆ ಗೊಣಗದೆ ಕೈಗೆ ಸಿಕ್ಕ ಕೆಲಸ ಹಿಡಿಯುತ್ತಾನೆ.

ಇಷ್ಟಾದರೂ ಶಿಬಿರ ಕಲಿಸದ ಪಾಠವೊಂದಿದೆ. ಶಿಬಿರದಲ್ಲಿ ಅವನು ಹಿರಿಯ, ಬಂದವರು ಮಕ್ಕಳು. ಪರದೇಶದಲ್ಲಿ ಇದು ತಿರುವುಮುರುವಾಗುತ್ತದೆ. ಅಲ್ಲಿ ಮಾತು ಬಾರದ ಮಗು ಅವನೇ, ಊರಿನವರೇ ಹಿರಿಯರು. ಇದನ್ನರಿಯದವನು ಆ ಊರಿನ ಗೃಹಸ್ಥರನ್ನೂ ಶಿಬಿರದ ಮಕ್ಕಳಂತೆ ನಡೆಸಿಕೊಂಡಾನು. ಹತ್ತು ದಿನದ ಮಟ್ಟಿಗೆ ಹೋಗಿ, ಸ್ಥಳೀಯ ಕೆಲಸಗಾರ ಕೂಲಿಗೆ ಕಟ್ಟಬಹುದಾಗಿದ್ದ ಗೋಡೆಯನ್ನು ತಾನೇ ಸೊಟ್ಟಗೆ ಕಟ್ಟಿ, ಸೇವೆ ಮಾಡಿದೆನೆಂದು ಹಿಗ್ಗಿ ಮರಳಿಯಾನು. ಆ ಹಿಗ್ಗಿನ ಬೆಲೆ ತೆರುವವರು ಆ ಊರಿನ ಬಡವರು.

ಈ ಪಾಠಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. 1853ರಲ್ಲಿ ಬಾಸೆಲ್ ಮಿಷನ್ನಿನ ವತಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಇಲ್ಲಿಯವರಿಂದ ಕನ್ನಡ ಕಲಿತರು, ಹಳೆಯ ಕಾವ್ಯಗಳನ್ನು ಓದಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದುದು 1894ರಲ್ಲಿ. ನಡುವೆ 41 ವರ್ಷಗಳು ಸಂದಿದ್ದವು. ಬೋಧಿಸಲು ಬಂದವರು ವಿದ್ಯಾರ್ಥಿಯಾದುದರಿಂದಲೇ ನಮ್ಮ ನುಡಿಗೆ ಆ ಸಂಪತ್ತು ದಕ್ಕಿತು. ಅವರ ಮತವನ್ನು ಒಪ್ಪದವರೂ ಆ ನಿಘಂಟನ್ನು ಗೌರವದಿಂದ ತೆರೆಯುತ್ತಾರೆ.

ಆದುದರಿಂದ ಸೇವೆಗೆ ಹೊರಡುವ ಮಕ್ಕಳ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟು. ಮಗ ಅಥವಾ ಮಗಳು ಮೊದಲು ಹತ್ತಿರದಲ್ಲಿ, ಪರರ ಮಕ್ಕಳ ನಡುವೆ, ಪೊರಕೆ ಹಿಡಿದು ಒಂದು ಬೇಸಿಗೆ ಕಳೆಯಲಿ. ಹೊರಡುವ ಮುನ್ನ ಹೋಗುವ ನಾಡಿನ ಹತ್ತು ಮಾತುಗಳನ್ನಾದರೂ ಕಲಿಯಲಿ. ಮರಳಿ ಬಂದಾಗ ಅಲ್ಲಿ ಏನು ಕೊಟ್ಟೆ ಎಂದು ಕೇಳುವ ಮೊದಲು, ಯಾರ ಮನೆಯಲ್ಲಿ ಉಂಡೆ, ಅವರ ಹೆಸರೇನು, ಅವರಿಂದ ಏನು ಕಲಿತೆ ಎಂದು ಕೇಳಿರಿ. ಉತ್ತರ ತಡವರಿಸದೆ ಬಂದರೆ ಆ ಯಾತ್ರೆ ಸಾರ್ಥಕವಾಯಿತೆಂದು ತಿಳಿಯಬಹುದು.