ಇರುಳಿನಲ್ಲಿ ನಂಬರು ಓದುವ ಕಣ್ಣು



ಮನೆಗಾಗಲಿ, ಸೊಸೈಟಿಗಾಗಲಿ ಕ್ಯಾಮೆರಾ ಹಾಕಿಸುವ ಕೆಲಸ ಬಂದರೆ ಅದು ನಿಮ್ಮ ತಲೆಗೇ ಬೀಳುತ್ತದೆ. “ನೀನು ಓದಿದವನು, ನೋಡಿ ತೊಗೊಂಡು ಬಾ” ಎಂದು ಅಪ್ಪ ಪೇಪರು ಓದಲು ಕುಳಿತುಬಿಡುತ್ತಾರೆ. ಆದ್ದರಿಂದ ಈ ಸಲ ಅಡುಗೆ, ಹಬ್ಬ ಬಿಟ್ಟು ಕ್ಯಾಮೆರಾದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ರಾತ್ರಿ ಹೊತ್ತು ಗಾಡಿಯ ನಂಬರು ಅದರಲ್ಲಿ ಕಾಣುತ್ತದೆಯೇ?

ಈ ಪ್ರಶ್ನೆ ಸಣ್ಣದಲ್ಲ. ನಮ್ಮ ದೇಹೂ ರೋಡಿನ ನಡುವೆಯೇ ಹಳೆಯ ಮುಂಬೈ–ಪುಣೆ ಹೆದ್ದಾರಿ ಹಾದುಹೋಗುತ್ತದೆ. ಎಕ್ಸ್‌ಪ್ರೆಸ್‌ವೇ ಬಂದರೂ ಅದರ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಿಮ್ಮ ಬೈಕು, ಸ್ಕೂಟರುಗಳಿಗೆಲ್ಲ ಹಳೆಯ ದಾರಿಯೇ ಗತಿ. ಕತ್ತಲಲ್ಲಿ ಯಾರಿಗೋ ಡಿಕ್ಕಿ ಹೊಡೆದು ಗಾಡಿ ನಿಲ್ಲದೆ ಹೋಯಿತು ಎನ್ನಿ. ಅದರ ಗುರುತು ಸಿಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸರ್ಕಾರಿ ಯೋಜನೆಯಂತೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ. ನಂಬರು ಸಿಕ್ಕರೆ ಮಾತು ಬೇರೆ. ಮಾಲೀಕ ಸಿಗುತ್ತಾನೆ, ವಿಮೆ ಸಿಗುತ್ತದೆ. ಸತ್ತವರ ವಯಸ್ಸು, ದುಡಿಮೆ, ಅವರನ್ನೇ ನಂಬಿದ್ದವರು ಎಷ್ಟು ಮಂದಿ ಎಂದು ನೋಡಿ ನ್ಯಾಯಮಂಡಳಿ ಪರಿಹಾರ ಗೊತ್ತುಮಾಡುತ್ತದೆ. ಒಂದು ಮನೆಯ ಮುಂದಿನ ಬದುಕು ಆ ಹತ್ತು ಅಕ್ಷರಗಳಲ್ಲಿ ಇರಬಹುದು!

ಆದರೆ ಸಾಮಾನ್ಯ ಕ್ಯಾಮೆರಾದ ರಾತ್ರಿಯ ಚಿತ್ರದಲ್ಲಿ ಗಾಡಿ ಇರುತ್ತದೆ, ನಂಬರಿನ ಜಾಗದಲ್ಲಿ ಬರೀ ಬೆಳ್ಳಗಿನ ಚೌಕ ಇರುತ್ತದೆ. ಏಕೆ ಹೀಗೆ? ನಂಬರ್ ಪ್ಲೇಟಿನ ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಹೈ ಸೆಕ್ಯುರಿಟಿ ಪ್ಲೇಟಿನ ಗುಣವೂ ಇದೇ. ಕ್ಯಾಮೆರಾದ ಅತಿಗೆಂಪು ದೀಪ ಅದರ ಮೇಲೆ ಬಿದ್ದು ಹಾಗೇ ವಾಪಸು ಬರುತ್ತದೆ. ಕ್ಯಾಮೆರಾ ಕತ್ತಲ ಬೀದಿಯನ್ನು ಬೆಳಗಿಸಲು ಹೆಣಗುತ್ತಿರುವಾಗ ಪ್ಲೇಟು ಉರಿದು ಬಿಳುಪಾಗುತ್ತದೆ. ಸಾಲದ್ದಕ್ಕೆ ಎದುರಿನ ಹೆಡ್‌ಲೈಟು ಬೇರೆ.

ಎರಡನೆಯದು ವೇಗ. ಗಂಟೆಗೆ 20 ಕಿಲೋಮೀಟರಿನಂತೆ ಹೋಗುವ ಸ್ಕೂಟರು ಸೆಕೆಂಡಿಗೆ ಸುಮಾರು ಐದೂವರೆ ಮೀಟರು ಓಡುತ್ತದೆ. ಷಟರು 1/25 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅದು 22 ಸೆಂಟಿಮೀಟರು ಸರಿದಿರುತ್ತದೆ. ಸ್ಕೂಟರಿನ ಹಿಂದಿನ ಪ್ಲೇಟಿನ ಅಗಲವೇ 20 ಸೆಂಟಿಮೀಟರು! ಅಡ್ಡ ಹಾಯುವ ಗಾಡಿಯ ಅಕ್ಷರಗಳು ಕಲಸಿದ ಅನ್ನವಾಗದೆ ಇನ್ನೇನಾದೀತು? ಷಟರನ್ನು 1/1000ಕ್ಕೆ ಕೈಯಾರೆ ಗೊತ್ತುಮಾಡಿದರೆ ಅದೇ ಸರಿತ ಐದಾರು ಮಿಲಿಮೀಟರಿಗೆ ಇಳಿಯುತ್ತದೆ. ಬೀದಿಯೆಲ್ಲ ಕಪ್ಪಾಗುತ್ತದೆ, ಪ್ಲೇಟು ಮಾತ್ರ ಹೊಳೆಯುತ್ತದೆ. ನಮಗೆ ಬೇಕಾದದ್ದೂ ಅದೇ.

ಮೂರನೆಯದು ಆಸೆ. ಒಂದೇ ಕ್ಯಾಮೆರಾ ಗೇಟು, ಪಾರ್ಕಿಂಗು, ಬೀದಿ ಎಲ್ಲವನ್ನೂ ತೋರಿಸಲಿ ಎನ್ನುತ್ತೇವೆ. ಅಡ್ಡಕ್ಕೆ 1920 ಚುಕ್ಕೆಗಳಿರುವ ಚಿತ್ರದಲ್ಲಿ ಹತ್ತು ಮೀಟರು ಅಗಲದ ಜಾಗ ತುಂಬಿಸಿದರೆ ಸ್ಕೂಟರಿನ ಪ್ಲೇಟಿಗೆ ಸಿಗುವುದು ಸುಮಾರು 38 ಚುಕ್ಕೆ. ಮೂರು ಮೀಟರಿಗೆ ಇಳಿಸಿದರೆ 128. ಹಾಗಾಗಿ ಜೂಮ್ ಬದಲಿಸಬಹುದಾದ ಲೆನ್ಸು ಕೊಳ್ಳಿ, ಗಾಡಿಗಳು ತಾವಾಗಿ ನಿಧಾನವಾಗುವ ಗೇಟು ಅಥವಾ ಸ್ಪೀಡ್ ಬ್ರೇಕರಿನ ಮೇಲೆ ಅದನ್ನು ನೆಡಿ. ಗಾಡಿ ಬರುವ ನೇರಕ್ಕೂ ಕ್ಯಾಮೆರಾದ ನೋಟಕ್ಕೂ ನಡುವಿನ ಕೋನ 30 ಡಿಗ್ರಿ ದಾಟದಿರಲಿ. ಹಿಂದಿನ ಪ್ಲೇಟು ನೋಡಿದರೆ ಹೆಡ್‌ಲೈಟಿನ ಕಾಟವಿಲ್ಲ. ಗಾಡಿಯ ಬಣ್ಣ, ಸವಾರನ ಚಹರೆ ನೋಡಲು ಇನ್ನೊಂದು ಸಾದಾ ಕ್ಯಾಮೆರಾ ಇರಲಿ. ಅತಿಗೆಂಪು ಚಿತ್ರ ಕಪ್ಪು-ಬಿಳುಪು. ಅದರಲ್ಲಿ ಪ್ಲೇಟು ಬಿಳಿಯೋ, ಹಳದಿಯೋ, ಹಸಿರೋ ತಿಳಿಯುವುದಿಲ್ಲ.

ಹಾಕಿಸಿದ ಮೇಲೂ ಕೆಲಸವಿದೆ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಬಲೆಯ ಒಂದು ಎಳೆ ಸಾಕು, ಚಿತ್ರವೆಲ್ಲ ಬೆಳ್ಳಗಾಗಲು. ವಾರಕ್ಕೊಮ್ಮೆ ಪೊರಕೆ ಆಡಿಸಿ. ರೆಕಾರ್ಡರಿನ ಗಡಿಯಾರ ಸರಿಯಿದೆಯೇ ನೋಡಿ. ಏನಾದರೂ ನಡೆದರೆ ಚಿತ್ರವನ್ನು ವಾಟ್ಸಾಪಿನಲ್ಲಿ ಹಂಚುವ ಮೊದಲು ಮೂಲ ರೆಕಾರ್ಡಿಂಗನ್ನು ಅಳಿಯದಂತೆ ಉಳಿಸಿ, ಪೊಲೀಸರಿಗೆ ತಿಳಿಸಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರವೂ ಬೇಕು.

ಒಂದು ಮಾತು ನಿಮ್ಮ ಗಾಡಿಗಳ ಬಗ್ಗೆ. 4141 ಎಂಬ ಅಂಕಿಗಳನ್ನು ತಿರುಚಿ ದೇವನಾಗರಿಯ ‘ದಾದಾ’ ಮಾಡಿಸುವವರನ್ನು ಇಲ್ಲಿ ನೋಡಿದ್ದೀರಿ. ಕನ್ನಡ ಅಂಕಿಗಳಲ್ಲಿ ನಂಬರು ಬರೆಸುವವರನ್ನು ಊರಿಗೆ ಹೋದಾಗ ನೋಡಿರುತ್ತೀರಿ. ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರ, ಸಾಮಾನ್ಯ ಅಂಕಿಗಳೇ ಇರಬೇಕು. ಕನ್ನಡದ ಅಭಿಮಾನವನ್ನು ನಾಲಿಗೆಯ ಮೇಲೆ ತೋರಿಸಿ, ಈ ಪತ್ರಿಕೆ ಓದುವುದರಲ್ಲಿ ತೋರಿಸಿ. ನಂಬರ್ ಪ್ಲೇಟನ್ನು ಬಿಟ್ಟುಬಿಡಿ. ನಿಮ್ಮದೇ ಗಾಡಿ ಕಳುವಾದ ದಿನ ಅದನ್ನು ಓದಬೇಕಾದವರು ಅಪರಿಚಿತರು.

ಇನ್ನೊಂದು ಎಚ್ಚರಿಕೆ. ನಮ್ಮದು ದಂಡುಪ್ರದೇಶ, ಸೈನ್ಯದ ಉಗ್ರಾಣಗಳಿರುವ ಊರು. ಕ್ಯಾಮೆರಾದ ಮೂತಿ ಆ ಗೋಡೆಗಳತ್ತ ತಿರುಗದಿರಲಿ. ಪಕ್ಕದ ಮನೆಯ ಬಾಗಿಲತ್ತಲೂ ಬೇಡ. ಯಾರ ಮಗಳು ಎಷ್ಟು ಹೊತ್ತಿಗೆ ಬಂದಳು, ಯಾರ ಮನೆಗೆ ಯಾರ ಕಾರು ಬಂತು ಎಂದು ಕಾಯುವ ಕಣ್ಣುಗಳು ನಮ್ಮ ಕಟ್ಟೆಗಳ ಮೇಲೆ ಮೊದಲೇ ಬೇಕಾದಷ್ಟಿವೆ. ಅವಕ್ಕೆ ಹಾರ್ಡ್‌ಡಿಸ್ಕಿನ ಜೊತೆ ಏಕೆ? ಚಿತ್ರ ಎಷ್ಟು ದಿನ ಇರಬೇಕು, ಯಾರು ತೆಗೆದು ನೋಡಬಹುದು ಎಂಬುದನ್ನು ಸಭೆಯಲ್ಲಿ ಬರೆದಿಡಿ.

ಕ್ಯಾಮೆರಾ ಕೂರಿಸಿದವನು ಹಗಲಿನ ಚಿತ್ರ ತೋರಿಸಿ ಹಣ ಕೇಳುತ್ತಾನೆ. ಅವಸರ ಮಾಡಬೇಡಿ. ರಾತ್ರಿ ಹನ್ನೊಂದಕ್ಕೆ ನಿಮ್ಮದೇ ಸ್ಕೂಟರನ್ನು ಗೇಟಿನಿಂದ ಎರಡು ಸಲ ಓಡಿಸಿ, ಆ ಚಿತ್ರದಲ್ಲಿ ನಂಬರು ಓದಲು ನಿಮ್ಮ ಅಜ್ಜಿಗೆ ಹೇಳಿ. ಅವರು ತಡವರಿಸದೆ ಓದಿದರೆ ಹಣ ಕೊಡಿ!