ಸುಗಂಧಕ್ಕೆ ಆಧಾರವಾಗುವ ಎಣ್ಣೆ ಯಾವುದು?

ಗಜೇಂದ್ರಗಡದ ಸದ್ಭಕ್ತೆಯೊಬ್ಬರು ಈಚೆಗೆ ನಮ್ಮ ಬಳಿ ಒಂದು ಸೀಸೆಯನ್ನು ತಂದಿದ್ದರು. ನೆರೆಹೊರೆಯ ತಾಯಂದಿರೊಡನೆ ಕೂಡಿ, ಲಾವಂಚದ ಬೇರು ಹಾಗೂ ದವನವನ್ನು ಕುಸುಬಿ ಎಣ್ಣೆಯಲ್ಲಿ ನೆನೆಯಿಸಿ, ಮೈಗೆ ತಿಕ್ಕುವ ಸುಗಂಧತೈಲವನ್ನು ಅವರು ಸಿದ್ಧಪಡಿಸಿದ್ದರು. ಯುಗಾದಿಯ ಹೊತ್ತಿಗೆ ಘಮಘಮಿಸುತ್ತಿದ್ದ ಎಣ್ಣೆ ಬೇಸಿಗೆ ಮುಗಿಯುವಷ್ಟರಲ್ಲಿ ಕಮಟು ವಾಸನೆ ಹೊಡೆಯುತ್ತಿತ್ತು. “ಅಜ್ಜಾರ, ನಮ್ಮ ಹೊಲದ ಕುಸುಬಿ, ನಮ್ಮೂರ ಗಾಣದ ಎಣ್ಣಿ. ಒಂದು ಹನಿ ಕಲಬೆರಕಿ ಇಲ್ಲ. ಹಿಂಗ್ಯಾಕ ಆತ್ರಿ?” ಎಂದು ಅವರು ಕೇಳಿದಾಗ ಉತ್ತರಿಸಲು ನಮಗೆ ತುಸು ಸಂಕೋಚವೇ ಆಯಿತು. ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಬೆಳೆದವರು ಕುಸುಬಿಯ ಮೇಲೆ ದೋಷ ಹೊರಿಸುವುದೆಂದರೆ ಮನೆಯ ಮಗಳನ್ನೇ ದೂರಿದಂತೆ.

ಆದರೂ ಸತ್ಯವನ್ನು ಹೇಳಲೇಬೇಕು. ಇಲ್ಲಿ ಕೆಟ್ಟದ್ದು ಎಣ್ಣೆಯ ಶುದ್ಧತೆಯಲ್ಲ. ಅದರ ಸ್ವಭಾವವೇ ಹಾಗೆ. ನಮ್ಮ ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವಿರುತ್ತದೆ. ಅದು ಗಾಳಿಯೊಡನೆ ಬೇಗನೆ ಕೂಡಿ ಮೊದಲು ಕಮಟುತ್ತದೆ, ಬಳಿಕ ಅಂಟಾಗುತ್ತದೆ. ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಎಣ್ಣೆಯ ಭರಣಿಯ ಅಂಚಿನಲ್ಲಿ ಗೋಂದಿನಂಥ ಪದರು ಕಟ್ಟಿ, ಮುಚ್ಚಳ ತೆಗೆಯುವುದೇ ಒಂದು ಸಾಹಸವಾಗುತ್ತಿತ್ತು. ಪೇಶಾವರದ ಕಡೆಯ ಅಫ್ರೀದಿ ಜನರು ಇದೇ ಎಣ್ಣೆಯನ್ನು ಬಹಳ ಹೊತ್ತು ಕುದಿಸಿ, ಅರಗಿನಂತೆ ಗಟ್ಟಿಮಾಡಿ, ಬಟ್ಟೆಯ ಮೇಲೆ ಚಿತ್ರ ಬಿಡಿಸಲು ಬಳಸುತ್ತಿದ್ದರು. ಒಣಗುವ ಗುಣವು ಅವರಿಗೆ ವರವಾಯಿತು, ನಮ್ಮ ಸೀಸೆಗೆ ಶಾಪವಾಯಿತು. ಊಟಕ್ಕೆ ಹೊಸ ಕುಸುಬಿ ಎಣ್ಣೆಗೆ ಸಾಟಿಯಿಲ್ಲ, ಆ ಮಾತಿಗೆ ನಾವು ಬದ್ಧರು. (ಓಲಿಯಿಕ್ ಆಮ್ಲ ಹೆಚ್ಚಿರುವ ಹೊಸ ತಳಿಗಳ ಎಣ್ಣೆ ಇದಕ್ಕಿಂತ ಹೆಚ್ಚು ಬಾಳುತ್ತದೆ, ಬೀಜ ಕೊಳ್ಳುವಾಗಲೇ ತಳಿ ಯಾವುದೆಂದು ವಿಚಾರಿಸಿರಿ.)

ಹಾಗಾದರೆ ಸುಗಂಧವನ್ನು ಹೊರುವ ಎಣ್ಣೆ ಯಾವುದು? ಭಾಷೆಯೇ ಉತ್ತರ ಹೇಳುತ್ತದೆ. ‘ಎಳ್’ ಮತ್ತು ‘ನೆಯ್’ ಕೂಡಿ ‘ಎಣ್ಣೆ’ಯಾಯಿತು, ‘ತಿಲ’ದಿಂದ ‘ತೈಲ’ ಬಂದಿತು. ಕನ್ನಡಕ್ಕೂ ಸಂಸ್ಕೃತಕ್ಕೂ ಎಣ್ಣೆಯೆಂದರೆ ಮೊದಲು ಎಳ್ಳೆಣ್ಣೆಯೇ. ಚಾಲುಕ್ಯರ ಕಾಲದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅರಸನ ಅಭ್ಯಂಗಕ್ಕೆ ಕೇದಗೆ, ಪುನ್ನಾಗ, ಸಂಪಿಗೆಗಳ ಪರಿಮಳವೇರಿಸಿದ ಎಳ್ಳೆಣ್ಣೆಯನ್ನು ಹೇಳುತ್ತದೆ. ಅಲ್ಲಿನ ಜಾಣ್ಮೆಯನ್ನು ಗಮನಿಸಬೇಕು: ಹೂವನ್ನು ಎಣ್ಣೆಗೆ ಹಾಕುವುದಲ್ಲ, ಎಳ್ಳಿಗೇ ಹೂವಿನ ವಾಸನೆ ಹಿಡಿಸುವುದು. ಸ್ವಚ್ಛಮಾಡಿದ ಎಳ್ಳನ್ನೂ ಹೂವನ್ನೂ ಪದರುಪದರಾಗಿ ಹಾಸಿ, ಬಾಡಿದ ಹೂವನ್ನು ತೆಗೆದು ಹೊಸತನ್ನು ಹಾಕುತ್ತ, ವಾಸನೆ ಹಿಡಿದ ಬಳಿಕ ಗಾಣಕ್ಕೆ ಒಯ್ಯಬೇಕು. ಹೂವಿನ ತೇವ ಎಣ್ಣೆಗೆ ಇಳಿಯುವ ಭಯ ಇದರಲ್ಲಿ ಕಡಿಮೆ.

ಎಳ್ಳೆಣ್ಣೆ ಬಾಳುವುದಕ್ಕೂ ಕಾರಣವಿದೆ. ಸೆಸಮಾಲ್ ಮೊದಲಾದ ಅದರ ಸಹಜ ದ್ರವ್ಯಗಳು ಕಮಟುವಿಕೆಯನ್ನು ತಡೆಯುತ್ತವೆ. ಹುರಿಯದ ಬಿಳಿ ಎಳ್ಳಿನ ಎಣ್ಣೆಯನ್ನೇ ಆರಿಸಿಕೊಳ್ಳಬೇಕು. ಹುರಿದದ್ದರ ವಾಸನೆ ಮಲ್ಲಿಗೆಯನ್ನು ನುಂಗಿಬಿಡುತ್ತದೆ. ಕೊಬ್ಬರಿ ಎಣ್ಣೆ ಇನ್ನೂ ಹೆಚ್ಚು ಬಾಳುವುದಾದರೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಔಡಲ ಎಣ್ಣೆ ಜಿಗುಟು, ಅದನ್ನು ಸ್ವಲ್ಪವೇ ಬೆರೆಸಬಹುದು. ಶೇಂಗಾ ಕೆಲವರ ದೇಹಕ್ಕೆ ಒಗ್ಗದು. ಅಂಗಡಿಯ ಸುಗಂಧ ಎಣ್ಣೆಯ ಚೀಟಿಯಲ್ಲಿ ‘ಲಿಕ್ವಿಡ್ ಪ್ಯಾರಾಫಿನ್’ ಎಂದಿದ್ದರೆ ಅದು ಗಾಣದ್ದಲ್ಲ, ಕಲ್ಲೆಣ್ಣೆಯ ಕುಲದ್ದು.

ಬೇರನ್ನು ಕುದಿಸಿ ತೈಲ ಮಾಡುವವರಿಗೆ ಶಾರ್ಙ್ಗಧರ ಸಂಹಿತೆಯ ಅಳತೆ ಇದೆ: ಕಲ್ಕ ಒಂದು, ಎಣ್ಣೆ ನಾಲ್ಕು, ದ್ರವ ಹದಿನಾರು ಪಾಲು. ನೀರು ಪೂರ್ತಿ ಆರಿದೆಯೇ ಎಂದು ತಿಳಿಯಲು ಬತ್ತಿಯನ್ನು ಅದ್ದಿ ಹೊತ್ತಿಸಿರಿ. ಚಟಪಟ ಸದ್ದಾದರೆ ಇನ್ನೂ ನೀರಿದೆ. ಭಟ್ಟಿಯಿಳಿಸಿದ ಸುಗಂಧಸಾರ ಬೆರೆಸುವುದಾದರೆ ದೊಡ್ಡವರಿಗೆ 100 ಮಿ.ಲೀ. ಎಣ್ಣೆಗೆ 1 ಮಿ.ಲೀ., ಅಂದರೆ ಅಂದಾಜು 20 ಹನಿ ಸಾಕು.

ಕೂಸಿನ ಎಣ್ಣೆಗೆ ಮಾತ್ರ ಏನನ್ನೂ ಬೆರೆಸಬೇಡಿರಿ. ನೆಗಡಿಯಾದ ಮಗುವಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ಕರ್ಪೂರವು ಚರ್ಮದಿಂದ ಒಳಸೇರಿ ಎಳೆಯ ಮಕ್ಕಳಿಗೆ ಸೆಳೆತ ಬಂದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಜ್ಜಿಯರು ಬೇಸರಿಸಿದರೂ ಚಿಂತೆಯಿಲ್ಲ, ಈ ರೂಢಿಯನ್ನು ಬಿಡಬೇಕು.

ಆ ತಾಯಿಯವರಿಗೆ ನಾವು ಇಷ್ಟನ್ನೂ ಹೇಳಿ, ಸಣ್ಣ ಬಣ್ಣದ ಸೀಸೆಗಳಲ್ಲಿ ಕಂಠಮಟ್ಟ ತುಂಬಿ, ಗಾಣವಾಡಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆಯಲು ಸೂಚಿಸಿದೆವು. “ಉಳಿದದ್ದನ್ನ ಚೆಲ್ಲಲೇನ್ರಿ?” ಎಂದರು. ಚೆಲ್ಲಬೇಡಿರಿ, ಮನೆಯ ಕಟ್ಟಿಗೆಯ ಬಾಗಿಲಿಗೆ ತೆಳ್ಳಗೆ ಒರೆಸಿರಿ, ಒಣಗಿ ಹೊಳಪು ಕೊಡುತ್ತದೆ ಎಂದೆವು.