ಸುದ್ದಿ ದಾಟಿಸುವ ಮುನ್ನ

2020ರ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ನೆನಪಿಗೆ ತಂದುಕೊಳ್ಳಿ. ಕೋಳಿ ಮಾಂಸ ತಿಂದರೆ ಕೊರೊನಾ ಬರುತ್ತದೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿತು. ಇದಕ್ಕೆ ಆಧಾರವಿಲ್ಲವೆಂದು ಪಶುಸಂಗೋಪನಾ ಇಲಾಖೆ ಸಾರಿ ಹೇಳಿದರೂ ಕೊಳ್ಳುವವರು ಹಿಂಜರಿದರು. ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಸುಮಾರು 6,000 ಕೋಳಿಗಳನ್ನು ಜೀವಂತ ಹೂಳಿದರು.

ನಷ್ಟ ಕೋಳಿ ಶೆಡ್ಡಿಗೇ ನಿಲ್ಲಲಿಲ್ಲ. ಕೋಳಿ ಬೇಡವಾದರೆ ಕೋಳಿ ಆಹಾರ ಬೇಡ. ಅದು ಬೇಡವಾದರೆ ಮುಸುಕಿನ ಜೋಳವನ್ನು ಕೇಳುವವರಾರು? ಮೇಲೆ ಲಾಕ್‌ಡೌನ್ ಬೇರೆ ಬಂತು. ಆ ಮೇ ತಿಂಗಳಲ್ಲಿ ಸರ್ಕಾರ ಮುಸುಕಿನ ಜೋಳದ ಬೆಳೆಗಾರರಿಗೆ ತಲಾ 5,000 ರೂಪಾಯಿ ನೆರವು ಪ್ರಕಟಿಸಬೇಕಾಯಿತು. ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಕೋಳಿ ಸಾಕುವವರಿಗೆ, ಜೋಳ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣದ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಹೋದ ಜೀವ ಬಾರದು. 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಕಾರಿನಲ್ಲಿ ಬಂದಿದ್ದವರನ್ನು ಮಕ್ಕಳ ಕಳ್ಳರೆಂದು ಜನ ಬಡಿದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಆ ವರ್ಷ ಮಕ್ಕಳ ಕಳ್ಳರ ಭೀತಿ ಹಬ್ಬಿಸಿದ ವಿಡಿಯೊಗಳಲ್ಲಿ ಒಂದು ಕರಾಚಿಯಲ್ಲಿ ತಯಾರಾದದ್ದು. ಮಕ್ಕಳ ಬಗ್ಗೆ ಎಚ್ಚರವಿರಲೆಂದು ಮಾಡಿದ ಚಿತ್ರ. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು.

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎನ್ನುವುದು ಸರಿಯಾದ ಉತ್ತರವಲ್ಲ. ಅರಳಿಕಟ್ಟೆಯಲ್ಲಿ ಸುದ್ದಿ ಹೇಳಿದವನನ್ನು ‘ಯಾರಪ್ಪ ಹೇಳಿದ್ದು?’ ಎಂದು ನಾಲ್ಕು ಜನ ಕೇಳುತ್ತಾರೆ. ಮೊಬೈಲಿನಲ್ಲಿ ಕೇಳುವವರಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳಿಸಬಹುದೆಂದು ವಾಟ್ಸ್‌ಆ್ಯಪ್ 2018ರಲ್ಲೇ ಮಿತಿ ಹಾಕಿತು. ಆದರೆ 5 ಜನ ತಲಾ 5 ಕಡೆ ಕಳಿಸಿದರೆ 25 ಆಯಿತು.

ಮೊಬೈಲನ್ನು ದೂರವಿಡಿ ಎಂದು ಹೇಳುತ್ತಿಲ್ಲ. ಮಾರುಕಟ್ಟೆ ಧಾರಣೆ, ಮಳೆ ಮುನ್ಸೂಚನೆ ಎಲ್ಲವೂ ಅದರಲ್ಲೇ ಬರುತ್ತವೆ. ಸಂದೇಶದಲ್ಲಿ ಊರು, ದಿನಾಂಕ, ಹೇಳಿದವರ ಹೆಸರು ಇದೆಯೇ ನೋಡಿ. ರೋಗದ ಮಾತಾದರೆ ಪಶುವೈದ್ಯರನ್ನು, ಬೆಳೆಯ ಮಾತಾದರೆ ರೈತ ಸಂಪರ್ಕ ಕೇಂದ್ರವನ್ನು, ಕಳ್ಳರ ಮಾತಾದರೆ ಠಾಣೆಯನ್ನು ಕೇಳಿ. ಜಾತಿ, ಮತದ ಮೇಲೆ ಸಿಟ್ಟೆಬ್ಬಿಸುವ ಸುದ್ದಿಯಾದರೆ ಒಂದು ರಾತ್ರಿ ತಡೆದು ನೋಡಿ. ಮೊಳಕೆ ಪರೀಕ್ಷಿಸದೆ ಬೀಜ ಬಿತ್ತದ ನಾವು, ಸುದ್ದಿಯನ್ನು ಮಾತ್ರ ಹಾಗೇಕೆ ಬಿತ್ತಬೇಕು?